ಯಂತ್ರದ ಯೋಗಕ್ಷೇಮ
2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಮೇಲೆದ್ದ ರೆಡ್‌ಬರ್ಡ್ ಸಂಸ್ಥೆಯ ತರಬೇತಿ ವಿಮಾನವು ತಾಂತ್ರಿಕ ದೋಷದಿಂದ ಸಮೀಪದ ಹೊಲದಲ್ಲಿ ಇಳಿಯಬೇಕಾಗಿ ಬಂದಿತಾದರೂ ಒಳಗಿದ್ದ ಇಬ್ಬರೂ ಬದುಕಿ ಉಳಿದರೆಂಬುದು ಸಮಾಧಾನದ ಸಂಗತಿ. ಆದರೆ ಅದೇ ವರ್ಷದ ಅಕ್ಟೋಬರದಲ್ಲಿ ಬಾರಾಮತಿಯ ಬಳಿ ಆ ಸಂಸ್ಥೆಯ ಮತ್ತೆರಡು ವಿಮಾನಗಳು ನಾಲ್ಕು ದಿನಗಳೊಳಗೆ ನೆಲಕ್ಕುರುಳಿ, ಆರು ತಿಂಗಳ ಅವಘಡಗಳ ಸಂಖ್ಯೆ ಐದಕ್ಕೇರಿದಾಗ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿರ್ವಹಣೆಯ ಲೋಪವನ್ನು ಗಮನಿಸಿ ತರಬೇತಿಯನ್ನೇ ತಡೆಹಿಡಿಯಿತು. ಒಂಟಿ ಎಂಜಿನ್ನಿನ ಹಗುರ ವಿಮಾನದಲ್ಲಿ ಎಂಜಿನ್ ಸ್ತಬ್ಧವಾದೊಡನೆ ಚಾಲಕನಿಗೆ ಉಳಿಯುವ ಆಸರೆ ತೇಲುತ್ತ ಇಳಿಯುವ ಸ್ವಲ್ಪ ಹೊತ್ತು ಮತ್ತು ಕೆಳಗೊಂದು ಬಯಲು. ಬೆಳಗಾವಿಯಲ್ಲಿ ಆ ಬಯಲಿತ್ತು, ಆದರೆ ಯಲ್ಲಾಪುರದ ಬೇಡ್ತಿ ಕಣಿವೆಯ ಮೇಲೋ ಸಿದ್ದಾಪುರದ ಅಘನಾಶಿನಿ ಕೊಳ್ಳದ ಮೇಲೋ ಅಂಥ ವಿಪತ್ತು ಒದಗಿದ್ದರೆ ದಟ್ಟ ಕಾಡಿನ ನೆತ್ತಿಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಆಷಾಢದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದ ಸಂಜೆ ಪಂಪನ್ನು ತೊಳೆದಿಡದಿದ್ದರೆ ಮೈಲುತುತ್ತದ ಗಸಿ ಕಟ್ಟಿ, ಮರುದಿನ ಮರ ಹತ್ತುವ ಕೊನೆಗೌಡನು ಮರದ ಬುಡದಲ್ಲಿ ಸುಮ್ಮನೆ ಕಾಯಬೇಕಾಗುವುದೆಂಬುದನ್ನು ಶಿರಸಿಯ ತೋಟಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಪ್ರಾಣವನ್ನೇ ಹೊತ್ತು ಹಾರುವ ಯಂತ್ರದ ಒಡೆಯರಿಗೆ ಅಷ್ಟು ಎಚ್ಚರವಿಲ್ಲವೆಂದರೆ ಅದು ಅಕ್ಷಮ್ಯ. ಇಂತಿಷ್ಟು ಗಂಟೆಗಳ ಹಾರಾಟಕ್ಕೊಮ್ಮೆ ಎಂಜಿನ್ನನ್ನು ಪರೀಕ್ಷಿಸಿ ಎಂಜಿನಿಯರನು ರುಜು ಹಾಕುವ ದಾಖಲೆ ಪುಸ್ತಕವೊಂದು ಪ್ರತಿ ವಿಮಾನಕ್ಕೂ ಇರುತ್ತದೆ. ಅಡಿಕೆಯ ದುಡ್ಡು ಕೂಡಿಸಿ ಮಕ್ಕಳನ್ನು ಹಾರಾಟದ ಶಾಲೆಗೆ ಕಳುಹಿಸುವ ಘಟ್ಟದ ಮೇಲಿನ ತಂದೆತಾಯಿಗಳೇ, ಶುಲ್ಕ ಕಟ್ಟುವ ಮುನ್ನ ಆ ಪುಸ್ತಕವನ್ನು ತೋರಿಸಿರೆಂದು ಸಂಕೋಚವಿಲ್ಲದೆ ಕೇಳಿರಿ.