‘ಮಂದಿ ಏನಂದಾರು?’ ಅನ್ನೋ ಮಾತೇ ಮಗುವಿಗೆ ಎರಡನೇ ಪೆಟ್ಟು

ಗದಗ: ಪೋಕ್ಸೊ ಕೇಸ್ ಆಯ್ತು, ಆರೋಪಿ ಒಳಗೆ ಹೋದ ಅಂದ್ರೆ ಸುದ್ದಿ ಅಲ್ಲಿಗೆ ಮುಗೀತು. ಆ ಮಗು ಮತ್ತೆ ಶಾಲೆಗೆ ಹೋಯ್ತಾ, ರಾತ್ರಿ ನಿದ್ದೆ ಮಾಡ್ತಾ ಅಂತ ಕೇಳುವವರು ಕಡಿಮೆ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಹಿರೇಹಂದಿಗೋಳದಂಥ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು.

ಬಾಲ್ಯದ ಲೈಂಗಿಕ ದೌರ್ಜನ್ಯದಿಂದ ಚೇತರಿಸಿಕೊಳ್ಳುವ ಇತಿಹಾಸ ಶುರುವಾಗುವುದೇ ನಂಬದಿರುವುದರಿಂದ. ರೋಗಿಗಳ ಮಾನಸಿಕ ಕಾಯಿಲೆಗೆ ಇದೇ ಮೂಲ ಎಂದು 1896ರಲ್ಲಿ ಹೇಳಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್, ಮುಂದೆ ಆ ಮಾತನ್ನೇ ಕೈಬಿಟ್ಟರು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಚೇತರಿಕೆಯ ಮೂರು ಹಂತ ಗುರುತಿಸಿದರು: ಮೊದಲು ಸುರಕ್ಷತೆ, ಆಮೇಲೆ ನಡೆದದ್ದನ್ನು ಹೇಳಿಕೊಂಡು ಅಳುವುದು, ಕೊನೆಗೆ ಜನರೊಂದಿಗೆ ಮತ್ತೆ ಬೆರೆಯುವುದು.

ನಮ್ಮ ದೇಶದಲ್ಲಿ ಕಣ್ಣು ತೆರೆಸಿದ್ದು 2007ರ ಕೇಂದ್ರ ಸರ್ಕಾರದ ಅಧ್ಯಯನ. 13 ರಾಜ್ಯಗಳ 12,447 ಮಕ್ಕಳಲ್ಲಿ ಶೇ 53ರಷ್ಟು ಮಂದಿ ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅರ್ಧದಷ್ಟು ಪ್ರಕರಣಗಳಲ್ಲಿ ಮಾಡಿದವರು ಪರಿಚಯದವರೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ ಬರೀ ಶಿಕ್ಷೆಯ ಕಾಯ್ದೆಯಲ್ಲ. ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ತೀರ್ಪಿಗೆ ಮೊದಲೇ ಮಧ್ಯಂತರ ಪರಿಹಾರ ಕೊಡಿಸಲು ಅವಕಾಶವಿದೆ. 2020ರ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ, ತನಿಖೆಯಿಂದ ವಿಚಾರಣೆವರೆಗೆ ಮಗುವಿನ ಜೊತೆ ನಿಲ್ಲುವ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಈ ಸೌಲಭ್ಯದ ಬಗ್ಗೆ ಪೋಷಕರಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಆದರೆ ಕೇಳಬೇಕು ಅನ್ನೋದು ಗೊತ್ತಿರುವ ಮನೆಗಳು ಎಷ್ಟು?

ಕಾಯ್ದೆ ಕೋರ್ಟಿನವರೆಗೆ ಜೊತೆಗಿರುತ್ತದೆ. ಹರ್ಮನ್ ಹೇಳಿದ ಮೊದಲ ಹಂತ, ಅಂದರೆ ಸುರಕ್ಷತೆ, ಸಿಗಬೇಕಾದ್ದು ಊರಲ್ಲೇ. ಅಂಗಡಿ ಕಟ್ಟೆಯ ಮೇಲೆ ‘ಯಾರ ಮನೀ ಹುಡುಗಿ?’ ಅಂತ ಶುರುವಾಗುವ ಮಾತು, ವಾಟ್ಸ್ಆ್ಯಪ್ ಗ್ರೂಪಿಗೆ ಬೀಳುವ ಫೋಟೊ ಆ ಸುರಕ್ಷತೆಯನ್ನೇ ಕಿತ್ತುಕೊಳ್ಳುತ್ತವೆ. ಮಗುವಿನ ಹೆಸರು, ಫೋಟೊ, ಮನೆ, ಶಾಲೆಯ ಗುರುತು ಪ್ರಕಟಿಸುವುದು ಅಪರಾಧ. ಹಿರಿಯರು ಕೂತು ರಾಜಿ ಮಾಡಿ ವಿಷಯ ಮುಚ್ಚಿಹಾಕಿದರೂ ಅಪರಾಧವೇ. ಗೊತ್ತಿದ್ದೂ ದೂರು ಕೊಡದವರಿಗೆ ಆರು ತಿಂಗಳವರೆಗೆ ಜೈಲಾಗಬಹುದು.

ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಅದಕ್ಕೂ ಮುಂಚೆ ಮನೆಯವರು ಹೇಳಬೇಕಾದ ಮಾತು ಒಂದೇ: ‘ನಿನ್ನ ತಪ್ಪಿಲ್ಲವ್ವಾ, ನಾವು ನಂಬ್ತೀವಿ.’ ಚೇತರಿಕೆ ಶುರುವಾಗೋದು ಅಲ್ಲಿಂದ.