ಪ್ರವೇಶ ಪರೀಕ್ಷೆ ಮತ್ತು ಕನ್ನಡ ಅಧ್ಯಾಪಕರ ಮನೋಧರ್ಮ

ಪ್ರಶ್ನೆಪತ್ರಿಕೆ ಹೇಗಿರುತ್ತದೆಯೋ ಪಾಠವೂ ಹಾಗೆಯೇ ಇರುತ್ತದೆ ಎಂಬ ಗ್ರಹಿಕೆ ಶಿಕ್ಷಣ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. 1993ರಲ್ಲಿ ಆಲ್ಡರ್ಸನ್ ಮತ್ತು ವಾಲ್ ಈ ಗ್ರಹಿಕೆಯನ್ನು 15 ಪ್ರಾಕ್ಕಲ್ಪನೆಗಳಾಗಿ ವಿಂಗಡಿಸಿ, ಅವುಗಳಿಗೆ ತರಗತಿಯ ಆಧಾರವೇನು ಎಂಬ ಪ್ರಶ್ನೆಯನ್ನೆತ್ತಿದರು. 1996ರಲ್ಲಿ ವತನಾಬೆಯವರು ಜಪಾನಿನಲ್ಲಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ ತರಬೇತಿ ನೀಡುವ ಸಂಸ್ಥೆಯೊಂದರ ಇಬ್ಬರು ಇಂಗ್ಲಿಷ್ ಅಧ್ಯಾಪಕರ ಪಾಠಗಳನ್ನು ಪರಿಶೀಲಿಸಿದರು. ಪರೀಕ್ಷೆಯು ಎಲ್ಲ ಅಧ್ಯಾಪಕರನ್ನೂ ಒಂದೇ ಬಗೆಯಲ್ಲಿ ಪ್ರಭಾವಿಸುವುದಿಲ್ಲ, ಅವರವರ ಹಿನ್ನೆಲೆ ಮತ್ತು ನಂಬಿಕೆಗಳೂ ಬೋಧನೆಯನ್ನು ರೂಪಿಸುತ್ತವೆ ಎಂಬುದನ್ನು ಆ ಅಧ್ಯಯನ ತೋರಿಸಿತು.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಪದವಿಪೂರ್ವ ವಿಜ್ಞಾನ ತರಗತಿಗಳ ಸ್ಥಿತಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಜಪಾನಿನಲ್ಲಿ ಇಂಗ್ಲಿಷ್ ಪ್ರವೇಶ ಪರೀಕ್ಷೆಯ ಒಳಗಿದೆ. ಇಲ್ಲಿ ಕನ್ನಡ ಅದರ ಹೊರಗಿದೆ. ಇಂಜಿನಿಯರಿಂಗ್ ಪ್ರವೇಶದ ರ‍್ಯಾಂಕಿಗೆ ಸಿಇಟಿ ಅಂಕಗಳೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯು ಅಂಕಗಳೂ ಸಮಪಾಲಿನಲ್ಲಿ ಸೇರುತ್ತವೆ. ಭಾಷಾ ವಿಷಯಗಳ ಅಂಕಗಳು ಸೇರುವುದಿಲ್ಲ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾದರೂ ಅಲ್ಲಿ ಕನ್ನಡವು ಮಾಧ್ಯಮವೇ ಹೊರತು ವಿಷಯವಲ್ಲ.

ಪರೀಕ್ಷೆಯಲ್ಲಿಲ್ಲದ ವಿಷಯದ ಅಧ್ಯಾಪಕರನ್ನೂ ಪರೀಕ್ಷೆ ಆಳುತ್ತದೆ ಎಂಬುದೇ ಇಲ್ಲಿನ ಸಮಸ್ಯೆ. ಕನ್ನಡದ ಅವಧಿಯನ್ನು ವಿಜ್ಞಾನದ ಅಭ್ಯಾಸಕ್ಕೆ ಬಿಟ್ಟುಕೊಡುವಂತೆ ಕೇಳುವುದು, ಪಾಠಕ್ಕೆ ಬದಲಾಗಿ ನೋಟ್ಸ್ ಸಾಕೆನ್ನುವುದು ಅನೇಕ ಕಾಲೇಜುಗಳಲ್ಲಿ ಸಹಜವೆನಿಸಿದೆ. ಫಲಿತಾಂಶವನ್ನೇ ಅವಲಂಬಿಸಿ ಉದ್ಯೋಗ ಉಳಿಸಿಕೊಳ್ಳಬೇಕಾದ ಖಾಸಗಿ ಕಾಲೇಜಿನ ಅಧ್ಯಾಪಕರು ಇದನ್ನು ಪ್ರತಿಭಟಿಸುವುದು ಸುಲಭವಲ್ಲ. ಅವರನ್ನಷ್ಟೇ ದೂಷಿಸುವುದು ನ್ಯಾಯವೂ ಅಲ್ಲ. ಆದರೆ ಆಡಳಿತ ಮಂಡಳಿ ಮತ್ತು ಪೋಷಕರ ‘ಕನ್ನಡದಲ್ಲಿ ಪಾಸಾದರೆ ಸಾಕು’ ಎಂಬ ಮಾತು ಕ್ರಮೇಣ ಅಧ್ಯಾಪಕರ ಸ್ವಂತ ನಂಬಿಕೆಯಾಗಿ ಪರಿಣಮಿಸುವುದು ಹೆಚ್ಚು ಆತಂಕಕಾರಿ. ಹಳಗನ್ನಡ ಪದ್ಯವನ್ನು ತರಗತಿಯಲ್ಲಿ ಓದಿ ಅರ್ಥ ಬಿಡಿಸುವುದಕ್ಕಿಂತ ಸಾರಾಂಶವನ್ನು ಬರೆಸುವುದೇ ವಿದ್ಯಾರ್ಥಿಗೆ ಮಾಡುವ ಉಪಕಾರವೆಂದು ಅಧ್ಯಾಪಕರೇ ನಂಬಿದ ಮೇಲೆ, ಪರೀಕ್ಷಾ ಪದ್ಧತಿ ಬದಲಾದರೂ ಪಾಠ ಬದಲಾಗುವುದಿಲ್ಲ.

ಕನ್ನಡದ ಅಂಕವನ್ನೂ ರ‍್ಯಾಂಕಿಗೆ ಸೇರಿಸಬೇಕೆಂಬ ವಾದ ಈ ಸಂದರ್ಭದಲ್ಲಿ ಆಕರ್ಷಕವಾಗಿ ಕಾಣಬಹುದು. ಅದರಿಂದ ಕನ್ನಡಕ್ಕೆ ಸ್ಥಾನಮಾನ ದೊರೆತರೂ ಕಾವ್ಯವು ಬಹುಆಯ್ಕೆಯ ಪ್ರಶ್ನೆಗಳಿಗೆ ಇಳಿಯುವ ಅಪಾಯವಿದೆ. ರ‍್ಯಾಂಕಿನ ಹೊರಗಿರುವುದರಿಂದಲೇ ಕನ್ನಡ ತರಗತಿಗೆ ನಿಧಾನವಾಗಿ ಓದುವ, ಪ್ರಶ್ನಿಸುವ, ಸ್ವಂತವಾಗಿ ಬರೆಯುವ ಅವಕಾಶ ಉಳಿದಿದೆ. ಆ ಅವಧಿಯನ್ನು ಬಿಟ್ಟುಕೊಡದಿರುವುದು ಅಧ್ಯಾಪಕರ ಹೊಣೆ. ಅವರಿಗೆ ಬೆಂಬಲವಾಗಿ ನಿಲ್ಲುವುದು ಅವರನ್ನು ಸಿದ್ಧಗೊಳಿಸುವ ಸ್ನಾತಕೋತ್ತರ ವಿಭಾಗಗಳ ಹೊಣೆ. ಕೃತಿ ಮತ್ತು ಕವಿಗಳ ಅಧ್ಯಯನದ ಜೊತೆಗೆ, ಕನ್ನಡ ತರಗತಿಯಲ್ಲಿ ವಾಸ್ತವವಾಗಿ ಏನು ನಡೆಯುತ್ತಿದೆ ಎಂಬ ಅಧ್ಯಯನವನ್ನೂ ವಿಭಾಗಗಳು ಸಂಶೋಧನೆಯ ವಿಷಯವಾಗಿ ಕೈಗೆತ್ತಿಕೊಳ್ಳುವುದು ಅಗತ್ಯ.