ವಾಕಿಟಾಕಿ ಕೊಳ್ಳುವ ಮುನ್ನ...

ನವದೆಹಲಿ: ಗಣೇಶೋತ್ಸವ, ರಾಜ್ಯೋತ್ಸವ ಬಂತೆಂದರೆ ರಾಜಧಾನಿ ವಲಯದ ಕನ್ನಡ ಸಂಘಗಳ ಸ್ವಯಂಸೇವಕರಿಗೆ ಓಡಾಟವೇ ಓಡಾಟ. ವೇದಿಕೆಯಲ್ಲಿ ಇರುವವರಿಗೂ ಊಟದ ವ್ಯವಸ್ಥೆ ನೋಡುವವರಿಗೂ ಗೇಟಿನ ಬಳಿ ವಾಹನ ನಿಲ್ಲಿಸುವವರಿಗೂ ಸಂಪರ್ಕ ಇರಬೇಕು. ಗದ್ದಲದಲ್ಲಿ ಮೊಬೈಲ್ ಕರೆ ಯಾರ ಕಿವಿಗೂ ಬೀಳುವುದಿಲ್ಲ. ಆನ್‌ಲೈನಿನಲ್ಲಿ ನಾಲ್ಕು ವಾಕಿಟಾಕಿ ತರಿಸಿದರಾಯಿತು ಎಂಬ ಸಲಹೆ ಆಗ ಸಹಜವಾಗಿ ಬರುತ್ತದೆ. ಸಲಹೆ ಕೊಡುವವರು 2025ರ ಮೇ ತಿಂಗಳಲ್ಲಿ ನಡೆದದ್ದನ್ನು ಗಮನಿಸುವುದು ಒಳಿತು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆ ತಿಂಗಳು 13 ಆನ್‌ಲೈನ್ ಮಾರಾಟಗಾರರಿಗೆ ನೋಟಿಸ್ ನೀಡಿತು. ವಾಕಿಟಾಕಿ ಯಾವ ತರಂಗಾಂತರದ್ದು, ಪರವಾನಗಿ ಬೇಕೇ, ಇಟಿಎ ಎಂಬ ಸರ್ಕಾರಿ ಅನುಮೋದನೆ ಇದೆಯೇ ಎಂಬುದನ್ನು ಕೊಳ್ಳುವವರಿಗೆ ತಿಳಿಸದೆ ಮಾರುತ್ತಿದ್ದಾರೆ ಎಂಬುದು ಆಕ್ಷೇಪ. ಇಂಥ ಮಾರಾಟವನ್ನು ತಡೆಯಲು ಮಾರ್ಗಸೂಚಿಯೂ ಹೊರಬಿತ್ತು.

ನಿಯಮವೇನೂ ಕಠಿಣವಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ 2018ರ ನಿಯಮದಂತೆ ಪರವಾನಗಿ ಬೇಡ, ಇಟಿಎ ಇರಬೇಕು ಅಷ್ಟೆ. ತೊಡಕಿರುವುದು ಅಗ್ಗದ ಚೀನೀ ಸೆಟ್ಟುಗಳಲ್ಲಿ. ಇವುಗಳಲ್ಲಿ ಅನೇಕವು 136ರಿಂದ 174, 400ರಿಂದ 480 ಮೆಗಾಹರ್ಟ್ಸ್ ವರೆಗೆ ಎಲ್ಲಿ ಬೇಕಾದರೂ ಮಾತು ಕಳುಹಿಸಬಲ್ಲವು. ಪೊಲೀಸ್ ಮತ್ತಿತರ ತುರ್ತು ಸೇವೆಗಳ ಸಂಪರ್ಕವೂ ಇದೇ ಹರವಿನಲ್ಲಿ ಬರುತ್ತದೆ. ಗುಂಡಿ ಒತ್ತಿದವರಿಗೆ ತಾವು ಯಾರ ಮಾತಿಗೆ ಅಡ್ಡ ಬಂದೆವೆಂಬುದೇ ತಿಳಿಯದು. ದೆಹಲಿಯಲ್ಲಿ ಇದನ್ನು ಹುಡುಗಾಟ ಎಂದು ಯಾರೂ ಬಿಟ್ಟುಬಿಡುವುದಿಲ್ಲ.

ಹಾಗೆಂದು ರೇಡಿಯೊ ಹವ್ಯಾಸವೇ ಅಪರಾಧ ಎಂದು ಮಕ್ಕಳನ್ನು ಹೆದರಿಸಬೇಕಾಗಿಲ್ಲ. ಹ್ಯಾಮ್ ಎಂದು ಕರೆಯುವ ಹವ್ಯಾಸಿ ರೇಡಿಯೊಗೆ ಪ್ರತ್ಯೇಕ ತರಂಗಾಂತರಗಳೇ ಇವೆ. 12 ವರ್ಷ ತುಂಬಿದ ಯಾರೇ ಆಗಲಿ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಮೊದಲ ದರ್ಜೆಗೆ ಮೋರ್ಸ್ ಸಂಕೇತ ಕಲಿಯುವ ಕಷ್ಟವೂ ಇಲ್ಲ. ಬೆಂಗಳೂರಿನಲ್ಲಿ 1959ರಲ್ಲೇ ಹ್ಯಾಮ್ ಕ್ಲಬ್ ಹುಟ್ಟಿತು. ಪರವಾನಗಿ ಕೊಡುವ ಡಬ್ಲ್ಯುಪಿಸಿ ವಿಭಾಗ ದೆಹಲಿಯಲ್ಲೇ ಇದ್ದರೂ ಇಲ್ಲಿನ ಕನ್ನಡಿಗರು ಈ ಕಡೆ ಹೆಚ್ಚು ಮನಸ್ಸು ಮಾಡಿದಂತೆ ಕಾಣದು.

ಹವ್ಯಾಸದ ಬೆಲೆ ತಿಳಿದದ್ದು 2004ರ ಡಿಸೆಂಬರಿನಲ್ಲಿ. ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪ್ರಪಂಚದ ಹ್ಯಾಮ್‌ಗಳೊಂದಿಗೆ ಮಾತಾಡಲೆಂದು ಅಂಡಮಾನಿಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿತು. ದೂರವಾಣಿ ಕಡಿದುಹೋದ ದ್ವೀಪಗಳಿಂದ ಬದುಕುಳಿದವರ ಸುದ್ದಿಯನ್ನು ಹೊರಗೆ ದಾಟಿಸಿದ್ದು ಇದೇ ಹವ್ಯಾಸಿಗಳು.

ಅದು ದೂರದ ಮಾತು ಎನ್ನುವಂತಿಲ್ಲ. 2025ರ ಫೆಬ್ರವರಿ 17ರ ಮುಂಜಾನೆ ರಾಜಧಾನಿಯನ್ನು ನಡುಗಿಸಿದ 4.0 ತೀವ್ರತೆಯ ಭೂಕಂಪದ ಕೇಂದ್ರ ಧೌಲಾ ಕುವಾ ಬಳಿ, ಅಂದರೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘಕ್ಕೆ ತೀರಾ ಸಮೀಪದಲ್ಲೇ ಇತ್ತು. ಹಾನಿಯಾಗಲಿಲ್ಲ ಎಂಬುದು ನಮ್ಮ ಪುಣ್ಯ. ನೊಯಿಡಾ, ಗುರುಗ್ರಾಮಗಳಲ್ಲಿ ಕನ್ನಡದ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಭಾನುವಾರದ ಕನ್ನಡ ಕಲಿಕೆ ತರಗತಿಯಂತೆ ಹ್ಯಾಮ್ ಪರೀಕ್ಷೆಗೂ ನಾಲ್ಕು ವಾರ ಪಾಠ ನಡೆಸಲು ಸಂಘಗಳಿಗೆ ದೊಡ್ಡ ಖರ್ಚೇನೂ ಬಾರದು.

ಒಂದು ಮಾತು ಮಾತ್ರ ಸ್ಪಷ್ಟವಿರಲಿ. ಹ್ಯಾಮ್ ಪರವಾನಗಿ ಪಡೆದವರ ಹೆಸರಿಗೇ ಸಲ್ಲುತ್ತದೆ, ಅದನ್ನು ತೋರಿಸಿ ಸ್ವಯಂಸೇವಕರಿಗೆಲ್ಲ ಸೆಟ್ಟು ಹಂಚುವಂತಿಲ್ಲ. ಗೇಟಿನ ಕೆಲಸಕ್ಕೆ 446ರ ಸೆಟ್ಟೇ ಸರಿ. ಕೊಳ್ಳುವಾಗ ಬಿಲ್ಲಿನ ಜೊತೆಗೆ ಇಟಿಎ ಸಂಖ್ಯೆಯನ್ನೂ ಕೇಳಿ ಬರೆಸಿಕೊಳ್ಳಬೇಕು.